ಗ್ಯಾಸ್ ಕಂಪನಿಗೆ ಜಮೀನು ಲೀಸ್ ಕೊಡಬೇಕಾ? ಸಹಿಗೆ ಮುಂಚೆ ಇಷ್ಟು ನೋಡಿ

ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಹಳ್ಳಿ ಕಡೆ ಜಮೀನು ಇದ್ದವರ ಮನೆ ಬಾಗಿಲಿಗೆ ಗ್ಯಾಸ್ ಕಂಪನಿಯ ಕಡೆಯವರು ಬರುವುದು ಹೊಸತೇನಲ್ಲ. ಅಲ್ಲಿ ಅವರನ್ನು ಲ್ಯಾಂಡ್‌ಮ್ಯಾನ್ ಅಂತಾರೆ. ಎಕರೆಗೆ ಇಷ್ಟು ಬೋನಸ್ ಕೊಡ್ತೀವಿ, ಪಕ್ಕದವರೆಲ್ಲ ಸಹಿ ಹಾಕಿಯಾಯ್ತು, ಈ ವಾರವೇ ಮುಗಿಸಿಬಿಡಿ ಅಂತ ಅವಸರ ಮಾಡ್ತಾರೆ. ಕಾಗದ ಇಸಿದುಕೊಂಡು ಅವರನ್ನು ಕಳಿಸಿಬಿಡಿ. ಕೋಟ್ಯಂತರ ವರ್ಷದಿಂದ ಬಂಡೆಯೊಳಗೆ ಕೂತಿರುವ ಗ್ಯಾಸ್ ಇನ್ನೊಂದು ತಿಂಗಳಲ್ಲಿ ಎಲ್ಲಿಗೂ ಹೋಗುವುದಿಲ್ಲ.

ಮೊದಲು, ಗ್ಯಾಸ್ ನಿಮ್ಮದೇನಾ?

ನೆಲದ ಒಡೆಯರು ಒಬ್ಬರು, ನೆಲದಡಿಯ ಗ್ಯಾಸ್‌ನ ಒಡೆಯರು ಇನ್ನೊಬ್ಬರು ಆಗಿರುವುದು ಅಲ್ಲಿ ಮಾಮೂಲು. ಎರಡು ತಲೆಮಾರಿನ ಹಿಂದೆ ಜಮೀನು ಮಾರಿದವರು ಕೆಳಗಿನ ಹಕ್ಕನ್ನು ತಮಗೇ ಇಟ್ಟುಕೊಂಡಿರಬಹುದು. ಕೌಂಟಿ (ಜಿಲ್ಲೆ) ಕಚೇರಿಯಲ್ಲಿ ಹಳೆಯ ಕ್ರಯಪತ್ರಗಳನ್ನು ಹಿಂದಕ್ಕೆ ಹಿಂದಕ್ಕೆ ತೆಗೆಸಿ ನೋಡಿ.

ದುಡ್ಡಿನ ಲೆಕ್ಕ

ಬೋನಸ್ ಒಂದೇ ಸಲ ಬರುವ ದುಡ್ಡು. ಅಸಲಿ ವ್ಯವಹಾರ ಇರುವುದು ರಾಯಲ್ಟಿಯಲ್ಲಿ, ಅಂದರೆ ಗ್ಯಾಸ್ ಮಾರಿದ ದುಡ್ಡಿನಲ್ಲಿ ನಿಮಗೆ ಬರುವ ಪಾಲಿನಲ್ಲಿ. ಪೆನ್ಸಿಲ್ವೇನಿಯಾದ 1979ರ ಕಾನೂನಿನ ಪ್ರಕಾರ ಎಂಟರಲ್ಲಿ ಒಂದು ಪಾಲು, ಅಂದರೆ ಶೇ 12.5ಕ್ಕಿಂತ ಕಡಿಮೆ ರಾಯಲ್ಟಿ ಬರೆಯುವಂತಿಲ್ಲ. ಜಾಸ್ತಿ ಕೇಳಬಹುದು, ಕೇಳಿ. ನಿಮ್ಮದು 100 ಎಕರೆ, ಕಂಪನಿ ಸುತ್ತಲಿನ ಜಮೀನನ್ನೆಲ್ಲ ಸೇರಿಸಿ 640 ಎಕರೆಯ ಒಂದು ಯೂನಿಟ್ ಮಾಡಿದೆ ಅಂತಿಟ್ಟುಕೊಳ್ಳಿ. 100ನ್ನು 640ರಿಂದ ಭಾಗಿಸಿ 0.125ರಿಂದ ಗುಣಿಸಿದರೆ 0.0195. ಆ ಯೂನಿಟ್‌ನಿಂದ ತಿಂಗಳಿಗೆ ಒಂದು ಲಕ್ಷ ಡಾಲರ್ ಗ್ಯಾಸ್ ಮಾರಾಟವಾದರೆ ನಿಮ್ಮ ಪಾಲು ಹೆಚ್ಚೂಕಮ್ಮಿ 1,953 ಡಾಲರ್.

ಅದೂ ಪೂರ್ತಿ ಕೈಗೆ ಬರುತ್ತೆ ಅಂತಿಲ್ಲ. ಗ್ಯಾಸನ್ನು ಶುದ್ಧ ಮಾಡಿ, ಒತ್ತಡ ಹಾಕಿ, ಪೈಪ್‌ಲೈನ್‌ನಲ್ಲಿ ಸಾಗಿಸುವ ಖರ್ಚಿನಲ್ಲಿ ನಿಮ್ಮ ಪಾಲನ್ನು ರಾಯಲ್ಟಿಯಿಂದಲೇ ಮುರಿದುಕೊಳ್ಳಬಹುದು; 2010ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಇದಕ್ಕೆ ಒಪ್ಪಿದೆ. ಹಾಗಾಗಿ ಖರ್ಚು ಕಳೆಯುವಂತಿಲ್ಲ ಅನ್ನುವ ಷರತ್ತನ್ನು ಲೀಸ್‌ನಲ್ಲೇ ಬರೆಸಬೇಕು. ಇನ್ನೂ ಎರಡು ವಿಷಯ. ಶೇಲ್ ಬಾವಿಯ (ಶೇಲ್ ಅನ್ನುವ ಪದರು ಬಂಡೆಯಿಂದ ಗ್ಯಾಸ್ ತೆಗೆಯುವ ಬಾವಿ) ಉತ್ಪಾದನೆ ಮೊದಲ ವರ್ಷದಲ್ಲೇ ಅರ್ಧಕ್ಕಿಂತ ಕೆಳಗೆ ಇಳಿಯುವುದು ಸಾಮಾನ್ಯ. ಬೆಲೆಯನ್ನಂತೂ ನಂಬುವಂತೆಯೇ ಇಲ್ಲ: 2008ರ ಬೇಸಿಗೆಯಲ್ಲಿ ಹತ್ತು ಲಕ್ಷ ಬಿಟಿಯುಗೆ (ಗ್ಯಾಸ್ ಮಾರುವ ಅಳತೆ) 12 ಡಾಲರ್ ದಾಟಿದ್ದ ಸಗಟು ದರ 2012ರ ಏಪ್ರಿಲ್‌ನಲ್ಲಿ 2 ಡಾಲರ್‌ಗಿಂತ ಕೆಳಗಿತ್ತು. ಮೊದಲ ಕೆಲವು ಚೆಕ್ ನೋಡಿ ಸಾಲ ಮಾಡಿ ಟ್ರ್ಯಾಕ್ಟರ್ ತಗೊಳ್ಳಬೇಡಿ, ದಯವಿಟ್ಟು.

ಐದು ವರ್ಷ ಅಂದರೆ ಐದೇ ವರ್ಷ ಅಲ್ಲ

ಕಾಗದದಲ್ಲಿ ಐದು ವರ್ಷ ಅಂತ ಇರುತ್ತೆ. ಅಷ್ಟರೊಳಗೆ ಗ್ಯಾಸ್ ಬರೋಕೆ ಶುರುವಾದರೆ, ಬರುವಷ್ಟು ಕಾಲವೂ ಲೀಸ್ ಮುಂದುವರಿಯುತ್ತದೆ, ನಿಮ್ಮ ಮಕ್ಕಳ ಕಾಲಕ್ಕೂ. ನಿಮ್ಮ ಹತ್ತೇ ಎಕರೆ ಯೂನಿಟ್‌ಗೆ ಸೇರಿದ್ದರೂ ಉಳಿದ ತೊಂಬತ್ತು ಎಕರೆ ಅದೇ ಲೀಸ್‌ನಲ್ಲಿ ಸಿಕ್ಕಿಬಿದ್ದಿರುತ್ತದೆ. ಇದನ್ನು ತಪ್ಪಿಸುವ ಷರತ್ತಿಗೆ ಪ್ಯೂ ಕ್ಲಾಸ್ (Pugh clause) ಅಂತ ಹೆಸರು. ಅವರು ತರುವ ಅಚ್ಚು ಹಾಕಿದ ಕಾಗದದಲ್ಲಿ ಅದು ಇರುತ್ತೆ ಅಂತ ಅಂದುಕೊಳ್ಳಬೇಡಿ, ನೀವೇ ಕೇಳಿ ಹಾಕಿಸಬೇಕು.

ನೀರು

ನನಗೆ ಎಲ್ಲಕ್ಕಿಂತ ಜಾಸ್ತಿ ಕಳವಳ ಇರುವುದು ಇದರ ಬಗ್ಗೆ. 2009ರ ಹೊಸ ವರ್ಷದ ದಿನ ಇದೇ ರಾಜ್ಯದ ಡಿಮಕ್ ಎಂಬ ಊರಲ್ಲಿ ಒಂದು ಮನೆಯ ನೀರಿನ ಬೋರ್‌ವೆಲ್ ಸ್ಫೋಟಿಸಿತು. ನೀರಿಗೆ ಮೀಥೇನ್, ಅಂದರೆ ಈ ಗ್ಯಾಸ್‌ನ ಮುಖ್ಯ ಭಾಗ, ಸೇರಿತ್ತು. ಗ್ಯಾಸ್ ಬಾವಿಯ ಕೊಳವೆ ಸುತ್ತ ಹಾಕಿದ ಸಿಮೆಂಟ್ ಸರಿಯಾಗಿ ಕೂರದಿದ್ದರೆ ಮೀಥೇನ್ ಆ ಸಂದಿಯಲ್ಲಿ ಮೇಲೇರಿ ಕುಡಿಯುವ ನೀರಿಗೆ ಸೇರಬಹುದು. ಆದರೆ ಕೆಲವು ಕಡೆ ನೀರಿನಲ್ಲಿ ಮೊದಲಿಂದಲೂ ಮೀಥೇನ್ ಇರುತ್ತೆ, ಜಗಳ ಹುಟ್ಟುವುದೇ ಅಲ್ಲಿ. ಅದಕ್ಕೇ ರಿಗ್ ಬರುವ ಮುಂಚೆಯೇ ಮಾನ್ಯತೆ ಇರುವ ಲ್ಯಾಬ್‌ನವರನ್ನೇ ಕರೆಸಿ ಸ್ಯಾಂಪಲ್ ತೆಗೆಸಿ, ಮೀಥೇನ್, ಕ್ಲೋರೈಡ್, ಬೇರಿಯಂ ಎಷ್ಟಿದೆ ಅಂತ ಬರೆಸಿಟ್ಟುಕೊಳ್ಳಿ. 2012ರ ಕಾನೂನಿನ ಪ್ರಕಾರ ಶೇಲ್ ಬಾವಿಯಿಂದ 2,500 ಅಡಿಯೊಳಗಿನ ನೀರು, ಕೊರೆಯುವ ಕೆಲಸ ಮುಗಿದು 12 ತಿಂಗಳೊಳಗೆ ಕೆಟ್ಟರೆ, ಕಂಪನಿಯೇ ಕಾರಣ ಅಂತ ಕಾನೂನು ಮೊದಲು ಭಾವಿಸುತ್ತದೆ. ಅಲ್ಲ ಅಂತ ತೋರಿಸಬೇಕಾದ್ದು ಕಂಪನಿ. ಕಂಪನಿಯವರೇ ಮೊದಲು ನೀರು ಪರೀಕ್ಷೆಗೆ ಬಂದರೆ ಬೇಡ ಅನ್ನಬೇಡಿ, ಹಾಗಂದರೆ ಈ ರಕ್ಷಣೆ ಕೈತಪ್ಪಬಹುದು.

ನೆಲದ ಮೇಲೆ ಏನಾಗುತ್ತೆ

ಕೊರೆಯುವ ಜಾಗಕ್ಕೆ ಹಲವು ಎಕರೆ ಸಮ ಮಾಡಿ ಜಲ್ಲಿ ಹಾಕ್ತಾರೆ. ರಸ್ತೆ ಬರುತ್ತೆ, ಪೈಪ್ ಬರುತ್ತೆ, ರಾತ್ರಿ ಹಗಲು ಲಾರಿ. ಇದ್ಯಾವುದೂ ಬೇಡ ಅಂದರೂ ದಾರಿಯಿದೆ: ಮೇಲ್ಮೈ ಮುಟ್ಟುವಂತಿಲ್ಲ ಅನ್ನುವ ಲೀಸ್. ಬಾವಿ ಬೇರೆಯವರ ಜಮೀನಿನಲ್ಲಿ ಕೊರೆದು, ಸಾವಿರಾರು ಅಡಿ ಆಳದಲ್ಲಿ ಅಡ್ಡಕ್ಕೆ ತಿರುಗಿಸಿ ನಿಮ್ಮ ನೆಲದಡಿಗೆ ತರ್ತಾರೆ. ರಾಯಲ್ಟಿ ಬರುತ್ತೆ, ಹುಲ್ಲುಗಾವಲು ಉಳಿಯುತ್ತೆ. ನನ್ನನ್ನು ಕೇಳಿದರೆ ಹೆಚ್ಚಿನವರಿಗೆ ಇದೇ ಸರಿ.

ಬ್ಯಾಂಕ್ ಸಾಲ ಇದ್ದರೆ ಅವರ ಒಪ್ಪಿಗೆ ಬೇಕಾ ಕೇಳಿ. ಕೃಷಿ ಜಮೀನು ಅಂತ ತೆರಿಗೆ ರಿಯಾಯಿತಿ ಪಡೆಯುತ್ತಿದ್ದರೆ, ಕೊರೆಯುವ ಜಾಗದ ಮಟ್ಟಿಗೆ ಹಿಂದಿನ ವರ್ಷಗಳ ತೆರಿಗೆ ಬಡ್ಡಿ ಸಮೇತ ಬರಬಹುದು. ವಕೀಲರ ಫೀಸ್ ಉಳಿಸೋಕೆ ಹೋಗಬೇಡಿ, ಗ್ಯಾಸ್ ಲೀಸ್ ಗೊತ್ತಿರುವವರನ್ನೇ ಹಿಡಿಯಿರಿ. ಅಕ್ಕಪಕ್ಕದವರು ಒಟ್ಟಾಗಿ ಮಾತಿಗೆ ಕೂತರೆ ಷರತ್ತುಗಳೂ ಚೆನ್ನಾಗಿ ಸಿಗುತ್ತವೆ.

ಬೇಡ ಅಂದರೆ?

ಬೇಡ ಅನ್ನುವ ಹಕ್ಕು ನಿಮಗಿದೆ. ಆದರೆ ಪಕ್ಕದ ಬಾವಿಗೆ ನಿಮ್ಮ ಕಡೆಯ ಗ್ಯಾಸ್ ಹರಿದು ಹೋಗಬಹುದು, ಕಂಪನಿ ನಿಮ್ಮ ನೆಲದೊಳಗೆ ಬಂದೇ ಇಲ್ಲ ಅಂತಾದರೆ ಅದಕ್ಕೆ ಪರಿಹಾರ ಸಿಗುವುದು ಕಷ್ಟ. 2020ರ ರಾಜ್ಯ ಸುಪ್ರೀಂ ಕೋರ್ಟ್ ತೀರ್ಪಿನ ನಂತರವಂತೂ ಇನ್ನೂ ಕಷ್ಟ. ಇದನ್ನೂ ಮನೆಯವರ ಜೊತೆ ಕೂತು ಮಾತಾಡಿ. ಆದರೂ ಮನೆಗೆ ಇರುವುದು ಒಂದೇ ಬೋರ್‌ವೆಲ್, ನೀರು ಕೆಟ್ಟರೆ ಹೊಣೆ ನಮ್ಮದು ಅನ್ನುವ ಷರತ್ತು ಬರೆದುಕೊಡೋಕೆ ಕಂಪನಿ ತಯಾರಿಲ್ಲ ಅಂದರೆ, ಬೋನಸ್ ಎಷ್ಟೇ ದೊಡ್ಡದಿರಲಿ, ನಾನಾದರೆ ಸಹಿ ಹಾಕುವುದಿಲ್ಲ.