ಹದಿನಾರು ಆಂಟೆನಾಗಳ ಲೆಕ್ಕವನ್ನು ನಾಲ್ಕಕ್ಕೆ ಇಳಿಸಿದ ಬಗೆ

ತುಮಕೂರಿನ ಎಂಜಿನಿಯರಿಂಗ್ ಕಾಲೇಜೊಂದರ ಪ್ರಯೋಗಾಲಯದಲ್ಲಿ ವಿದ್ಯಾರ್ಥಿಗಳೊಡನೆ 16 ಆಂಟೆನಾಗಳ ಸಾಲಿಗೆ ಅಡಾಪ್ಟಿವ್ ಬೀಮ್‌ಫಾರ್ಮಿಂಗ್ (ಪರಿಸ್ಥಿತಿಗೆ ತಕ್ಕಂತೆ ಸಾಲಿನ ನೋಟವನ್ನು ತಾನೇ ಹೊಂದಿಸಿಕೊಳ್ಳುವ ವಿಧಾನ) ಅಳವಡಿಸಲು ಹೊರಟಾಗ ನಮ್ಮಲ್ಲಿದ್ದುದು ಒಂದು ಸಣ್ಣ ಎಫ್‌ಪಿಜಿಎ (ಒಳಗಿನ ಸರ್ಕಿಟನ್ನು ಬೇಕಾದಂತೆ ಜೋಡಿಸಿಕೊಳ್ಳಬಹುದಾದ ಚಿಪ್) ಬೋರ್ಡು. ಬೇಕಾದ ದಿಕ್ಕಿನ ಸಂಕೇತವನ್ನು ಉಳಿಸಿಕೊಂಡು ಅಡ್ಡಿಯ ಸಂಕೇತಗಳನ್ನು ಅಡಗಿಸುವ ತೂಕಗಳನ್ನು, ಅಂದರೆ ಕೂಡಿಸುವ ಮೊದಲು ಪ್ರತಿ ಆಂಟೆನಾದ ಸಂಕೇತವನ್ನು ಗುಣಿಸುವ ಸಂಖ್ಯೆಗಳನ್ನು, ಅದರಲ್ಲಿಯೇ ಲೆಕ್ಕ ಹಾಕಬೇಕಿತ್ತು.

1960ರಲ್ಲಿ ವಿಡ್ರೋ ಮತ್ತು ಹಾಫ್ ರೂಪಿಸಿದ, ತಪ್ಪನ್ನು ನೋಡುತ್ತ ತೂಕಗಳನ್ನು ಹೆಜ್ಜೆ ಹೆಜ್ಜೆಯಾಗಿ ತಿದ್ದುವ ಎಲ್‌ಎಂಎಸ್ ವಿಧಾನ ಅಗ್ಗವಾದುದು. ಪ್ರತಿ ಹೆಜ್ಜೆಗೆ ಆಂಟೆನಾಗಳ ಸಂಖ್ಯೆಯ ಸುಮಾರು ಎರಡರಷ್ಟು ಗುಣಾಕಾರ ಸಾಕು. ಆದರೆ ಒಂದು ಅಡ್ಡಿ ಬಹಳ ಪ್ರಬಲವಾಗಿ ಇನ್ನೊಂದು ದುರ್ಬಲವಾಗಿದ್ದಾಗ ಅದು ಗುರಿ ಮುಟ್ಟುವುದು ತೀರಾ ನಿಧಾನ. ಆದ್ದರಿಂದ ಕೊವೇರಿಯನ್ಸ್ ಮ್ಯಾಟ್ರಿಕ್ಸನ್ನು (ಆಂಟೆನಾಗಳ ಸಂಕೇತಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂಬ ಕೋಷ್ಟಕವನ್ನು) ಅಂದಾಜಿಸಿ, ಬೇಕಾದ ದಿಕ್ಕನ್ನು ಉಳಿಸಿ ಉಳಿದ ಶಕ್ತಿಯನ್ನು ಕನಿಷ್ಠಗೊಳಿಸುವ ಕೇಪನ್ ವಿಧಾನದಿಂದ ತೂಕ ಪಡೆಯುವ ದಾರಿಯನ್ನೇ ಆರಿಸಿಕೊಂಡೆ.

ಈ ದಾರಿಯಲ್ಲಿ ಮ್ಯಾಟ್ರಿಕ್ಸಿನ ವಿಲೋಮವೇ (ಇನ್ವರ್ಸ್) ದೊಡ್ಡ ಹೊರೆ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಕೋಡ್ ಬರೆಯುವ ಮೊದಲು ಕಾಗದದ ಮೇಲೆ ಎಣಿಸಿ ನೋಡಿದಾಗ ಬೇರೆಯೇ ಚಿತ್ರ ಕಂಡಿತು. ವಿಲೋಮವನ್ನು ಬಿಟ್ಟು ಚೊಲೆಸ್ಕಿ ವಿಧಾನದಿಂದ ಮ್ಯಾಟ್ರಿಕ್ಸನ್ನು ಎರಡು ತ್ರಿಕೋನ ಮ್ಯಾಟ್ರಿಕ್ಸ್‌ಗಳಾಗಿ ವಿಭಜಿಸಿದರೆ ಸುಮಾರು 700 ಸಂಕೀರ್ಣ ಗುಣಾಕಾರಗಳು ಸಾಕು. ಆದರೆ ರೀಡ್, ಮ್ಯಾಲೆಟ್ ಮತ್ತು ಬ್ರೆನನ್ 1974ರಲ್ಲಿ ತೋರಿಸಿದಂತೆ, ಆದರ್ಶ ತೂಕಗಳಿಗೆ ಹೋಲಿಸಿದಾಗಿನ ನಷ್ಟ 3 ಡೆಸಿಬಲ್‌ನೊಳಗೆ ಇರಬೇಕಾದರೆ ಆಂಟೆನಾಗಳ ಸಂಖ್ಯೆಯ ಸುಮಾರು ಎರಡರಷ್ಟು ಮಾದರಿಗಳು (ಒಂದೊಂದು ಕ್ಷಣದಲ್ಲಿ ಎಲ್ಲ ಆಂಟೆನಾಗಳಿಂದ ತೆಗೆದ ಅಳತೆಗಳು) ಬೇಕು. ಅಂದರೆ 32 ಮಾದರಿಗಳು, ಒಂದೊಂದಕ್ಕೂ 136 ಗುಣಾಕಾರ, ಒಟ್ಟು 4352. ನಿಜವಾದ ಭಾರ ಇದ್ದುದು ಮ್ಯಾಟ್ರಿಕ್ಸನ್ನು ಕಟ್ಟುವುದರಲ್ಲಿ.

ನಮ್ಮಲ್ಲಿ ಅಡ್ಡಿಯ ಮೂಲಗಳು ಮೂರನ್ನು ಮೀರುತ್ತಿರಲಿಲ್ಲ. ಅಷ್ಟಕ್ಕೆ ಹದಿನಾರು ಸ್ವತಂತ್ರ ತೂಕಗಳ ಅಗತ್ಯವಿಲ್ಲ. ನಮ್ಮ ಪಕ್ಕದ ಗೌರಿಬಿದನೂರಿನಲ್ಲಿ 1970ರ ದಶಕದಲ್ಲಿ ಸ್ಥಾಪನೆಯಾದ 34.5 ಮೆಗಾಹರ್ಟ್ಸ್ ರೇಡಿಯೋ ದೂರದರ್ಶಕದ ಡೈಪೋಲ್‌ಗಳು ಅಲುಗಾಡದೆಯೇ, ಕೇವಲ ಫೇಸ್ (ಅಲೆಯ ಏರಿಳಿತದ ಹಂತ) ಹೊಂದಾಣಿಕೆಯಿಂದ, ಆಕಾಶದ ಬೇಕಾದ ಭಾಗದತ್ತ ನೋಟ ತಿರುಗಿಸುತ್ತಿದ್ದವು. ನಾವೂ ಮೊದಲು ಫೇಸ್ ಹೊಂದಿಸಿ ಬೇಕಾದ ದಿಕ್ಕಿಗೆ ಸಾಲನ್ನು ತಿರುಗಿಸಿದೆವು. ಅನಂತರ 16 ಬಿಂದುಗಳ ಎಫ್‌ಎಫ್‌ಟಿಯಿಂದ (ವೇಗದ ಫೂರಿಯೇ ಪರಿವರ್ತನೆ) ಸ್ಥಿರ ಬೀಮ್‌ಗಳನ್ನು, ಅಂದರೆ ಒಂದೊಂದು ನಿಗದಿತ ದಿಕ್ಕಿನತ್ತ ನೋಡುವ ಸಂಕೇತಗಳನ್ನು, ಪಡೆದು, ಬೇಕಾದ ದಿಕ್ಕಿನದೊಂದನ್ನೂ ಉಳಿದವುಗಳಲ್ಲಿ ಅತಿ ಹೆಚ್ಚು ಶಕ್ತಿಯಿದ್ದ ಮೂರನ್ನೂ ಇಟ್ಟುಕೊಂಡೆವು. ತೂಕಗಳು ನಾಲ್ಕೇ ಆದ್ದರಿಂದ ಈಗ 8 ಮಾದರಿಗಳು ಸಾಕು. ಅವುಗಳನ್ನು ನಾಲ್ಕು ಬೀಮ್‌ಗಳಿಗೆ ಇಳಿಸಲು 512 ಗುಣಾಕಾರ, ಮ್ಯಾಟ್ರಿಕ್ಸ್ ಕಟ್ಟಲು 80. ವಿಭಜನೆ ಲೆಕ್ಕಕ್ಕೇ ಬಾರದಷ್ಟು ಚಿಕ್ಕದು.

ಇಲ್ಲಿ ಒಂದು ಅಂಶವನ್ನು ಒತ್ತಿ ಹೇಳಬೇಕು. ಪ್ರತಿ ಮಾದರಿಯನ್ನೂ ಬೀಮ್‌ಗಳಿಗೆ ಪರಿವರ್ತಿಸುತ್ತಲೇ ಹೋದರೆ ಉಳಿಸಿದ್ದೆಲ್ಲ ಅಲ್ಲಿಯೇ ಖರ್ಚಾಗುತ್ತದೆ. ದೊರೆತ ನಾಲ್ಕು ತೂಕಗಳನ್ನು 64 ಗುಣಾಕಾರಗಳಲ್ಲಿ ಒಮ್ಮೆ 16 ಆಂಟೆನಾಗಳ ತೂಕಗಳಾಗಿ ಹಿಂದಿರುಗಿಸಿದರೆ, ಮುಂದೆ ಹರಿದುಬರುವ ಪ್ರತಿ ಮಾದರಿಗೂ 16 ಗುಣಾಕಾರ ಮಾತ್ರ.

ಎಫ್‌ಎಫ್‌ಟಿ ಬೀಮ್‌ಗಳ ಪಕ್ಕದ ಹಾಲೆಗಳು (ಬೇರೆ ದಿಕ್ಕಿನ ಸಂಕೇತವನ್ನೂ ಒಳಬಿಡುವ ಭಾಗಗಳು) ಮುಖ್ಯ ಬೀಮ್‌ಗಿಂತ ಸುಮಾರು 13 ಡೆಸಿಬಲ್ ಮಾತ್ರ ಕೆಳಗಿರುತ್ತವೆ. ಟೇಪರ್ ಹಾಕಿ, ಅಂದರೆ ಸಾಲಿನ ಅಂಚಿನ ಆಂಟೆನಾಗಳ ಪಾಲನ್ನು ಕಡಿಮೆ ಮಾಡಿ, ತಗ್ಗಿಸಬಹುದಿತ್ತು; ಆದರೆ ಹಾಗೆ ಮಾಡಿದರೆ ಬೀಮ್‌ಗಳ ಗದ್ದಲ (ನಾಯ್ಸ್) ಪರಸ್ಪರ ಸ್ವತಂತ್ರವಾಗಿ ಉಳಿಯುವುದಿಲ್ಲವಾದ್ದರಿಂದ ಅದನ್ನು ನಾನು ಒಪ್ಪಲಿಲ್ಲ. ಬದಲಿಗೆ, ಅಡ್ಡಿಯ ಮೂಲ ಚಲಿಸಿದಾಗ ಬೀಮ್‌ಗಳನ್ನು ಮತ್ತೆ ಆರಿಸುವಂತೆ, ಎಫ್‌ಎಫ್‌ಟಿಯ ಶಕ್ತಿಯನ್ನು ಆಗಾಗ ಪರೀಕ್ಷಿಸುವ ವ್ಯವಸ್ಥೆಯನ್ನು ಬೋರ್ಡಿನಲ್ಲಿಯೇ ಸೇರಿಸಿದೆವು.