ಸರ್ವರ್ ಮರಳಿ ಬಂದರೂ ಏಳದ ಕ್ಲೈಂಟ್

ಶಿರಸಿಯ ಮನೆಯಲ್ಲಿ ಕುಳಿತು ಎನ್‌ಎಫ್‌ಎಸ್ 4.1ರ (ಬೇರೆ ಯಂತ್ರದ ಫೈಲುಗಳನ್ನು ನೆಟ್‌ವರ್ಕ್ ಮೂಲಕ ಬಳಸುವ ವ್ಯವಸ್ಥೆ) ಸಣ್ಣದೊಂದು ಕ್ಲೈಂಟನ್ನು ಲಿನಕ್ಸ್ ಕರ್ನಲ್ (ಆಪರೇಟಿಂಗ್ ಸಿಸ್ಟಮ್ಮಿನ ತಿರುಳು) ಮಾಡ್ಯೂಲ್ ಆಗಿ ಬರೆಯುತ್ತಿದ್ದಾಗ, ಇಲ್ಲಿನ ಮಳೆಗಾಲ ನನಗೆ ಪುಕ್ಕಟೆಯ ಪರೀಕ್ಷಾ ಸೌಲಭ್ಯವಾಗಿತ್ತು. ಕ್ಲೈಂಟ್ ಯಂತ್ರಕ್ಕೆ ಮಾತ್ರ ಯುಪಿಎಸ್ ಕೊಟ್ಟಿದ್ದರಿಂದ, ಕರೆಂಟು ಹೋದಾಗಲೆಲ್ಲ ಸರ್ವರ್ ಬಿದ್ದು ಎದ್ದು, ಕ್ಲೈಂಟಿನ ರಿಕವರಿ ಕೋಡು ತಾನಾಗಿ ಓಡುತ್ತಿತ್ತು.

ಮರುಬೂಟ್ ಆದ ಸರ್ವರಿಗೆ ಹಳೆಯ ಸೆಷನ್ (ಕ್ಲೈಂಟಿನೊಂದಿಗೆ ನಡೆಯುತ್ತಿದ್ದ ಸಂವಾದದ ದಾಖಲೆ) ಗೊತ್ತಿರುವುದಿಲ್ಲವಾದ್ದರಿಂದ ಮೊದಲ ಕೋರಿಕೆಗೇ ‘ಬ್ಯಾಡ್ ಸೆಷನ್’ ಎಂಬ ಉತ್ತರ ಬರುತ್ತದೆ. ಆಗ ರಿಕವರಿ ಥ್ರೆಡ್ ಹೊಸ ಕ್ಲೈಂಟ್ ಐಡಿ ಮತ್ತು ಸೆಷನ್ ಪಡೆದು, ಗ್ರೇಸ್ ಅವಧಿಯೊಳಗೆ (ಹಳೆಯ ಕ್ಲೈಂಟುಗಳಿಗೆಂದು ಸರ್ವರ್ ಮೀಸಲಿಡುವ ಸಮಯ, ಲಿನಕ್ಸ್ ಸರ್ವರಿನಲ್ಲಿ ಸಾಮಾನ್ಯವಾಗಿ 90 ಸೆಕೆಂಡು) ತೆರೆದ ಫೈಲುಗಳನ್ನೂ ಲಾಕುಗಳನ್ನೂ ಮರಳಿ ಪಡೆಯಬೇಕು. ಫೈಲ್ ಬಳಸುತ್ತಿರುವ ಉಳಿದ ಪ್ರೋಸೆಸ್‌ಗಳೆಲ್ಲ ಈ ಥ್ರೆಡ್ಡಿಗಾಗಿ ಕಾಯುತ್ತವೆ. ಅದು ಅವುಗಳಲ್ಲಿ ಒಂದಕ್ಕಾಗಿ ಕಾದರೂ ಡೆಡ್‌ಲಾಕ್, ಒಂದಕ್ಕೊಂದು ಕಾಯುತ್ತ ಯಾವುದೂ ಮುಂದೆ ಸಾಗುವುದಿಲ್ಲ.

ಮೊದಲು ಸಿಕ್ಕಿದ್ದು ಸ್ಲಾಟಿನ ಗಂಟು. ಪ್ರತಿ ಕೋರಿಕೆಯೂ ಉತ್ತರ ಬರುವವರೆಗೆ ಸೆಷನ್ನಿನಲ್ಲಿ ಒಂದು ಸ್ಲಾಟ್, ಅಂದರೆ ಒಂದು ಜಾಗ, ಹಿಡಿದಿರುತ್ತದೆ. ಹೊಸ ಸೆಷನ್‌ಗೆ ಮೊದಲು ಹಳೆಯ ಸ್ಲಾಟುಗಳೆಲ್ಲ ಖಾಲಿಯಾಗಬೇಕು. ಸಿಸ್‌ರಿಕ್ಯೂ (ಕರ್ನಲ್ಲಿಗೆ ನೇರ ಆದೇಶ ಕೊಡುವ ಕೀಲಿ) ಮೂಲಕ ‘ಡಬ್ಲ್ಯೂ’ ಒತ್ತಿ ತೆಗೆದ ಸ್ಟ್ಯಾಕಿನಲ್ಲಿ (ಸಿಕ್ಕಿಬಿದ್ದ ಥ್ರೆಡ್ಡುಗಳು ಯಾವ ಫಂಕ್ಷನ್ನಿನಲ್ಲಿ ನಿಂತಿವೆ ಎಂಬ ಪಟ್ಟಿ) ರಿಕವರಿ ಥ್ರೆಡ್ ಸ್ಲಾಟ್ ಬಿಡುಗಡೆಗೆ ಕಾಯುತ್ತಿತ್ತು, ಫೈಲ್ ಬರೆಯುತ್ತಿದ್ದ ಪ್ರೋಸೆಸ್ ಸ್ಲಾಟನ್ನು ಹಿಡಿದುಕೊಂಡೇ ರಿಕವರಿಗೆ ಕಾಯುತ್ತಿತ್ತು. ಉತ್ತರದಲ್ಲಿ ದೋಷ ಕಂಡೊಡನೆ ಸ್ಲಾಟನ್ನು ಮೊದಲು ಬಿಟ್ಟು, ಆಮೇಲೆ ಸರದಿಗೆ ಸೇರುವಂತೆ ಕ್ರಮ ಬದಲಿಸಿದೆ. ಹೊಸ ಕೋರಿಕೆಗಳನ್ನು ತಡೆದಿರುವ ಹೊತ್ತಿನಲ್ಲಿಯೂ ರಿಕವರಿಯ ಸ್ವಂತ ಕೋರಿಕೆಗಳಿಗೆ ಸ್ಲಾಟ್ ಸಿಗುವಂತೆ ಅವಕ್ಕೆ ವಿಶೇಷ ಆದ್ಯತೆಯನ್ನೂ ಕೊಟ್ಟೆ.

ಮೆಮೊರಿಯದು ಇದಕ್ಕಿಂತ ಕಪಟಿ. ರಿಕವರಿ ಥ್ರೆಡ್ ಮೆಮೊರಿ ಕೇಳಿದಾಗ ಅದು ಸಾಲದಿದ್ದರೆ, ಕರ್ನಲ್ ಜಾಗ ಮಾಡಲೆಂದು ಡರ್ಟಿ ಪೇಜುಗಳನ್ನು (ಮೆಮೊರಿಯಲ್ಲಿ ಬದಲಾಗಿ, ಫೈಲಿಗಿನ್ನೂ ಬರೆಯದ ಡೇಟಾ) ಬರೆಯಿಸಹೊರಡುತ್ತದೆ. ಆ ಪೇಜುಗಳು ಇದೇ ಮೌಂಟಿನವಾಗಿದ್ದರೆ (ಇದೇ ಸರ್ವರಿನಿಂದ ಜೋಡಿಸಿಕೊಂಡ ಫೈಲುಗಳವಾಗಿದ್ದರೆ), ಆ ಬರಹ ಇದೇ ರಿಕವರಿಗಾಗಿ ಕಾಯುತ್ತದೆ. ಧಾರಾಳ ರ್‍ಯಾಮ್ ಇರುವ ಯಂತ್ರದಲ್ಲಿ ಇದು ಕಾಣಿಸುವುದೇ ಅಪರೂಪವಾದ್ದರಿಂದ, ಬೂಟ್ ಸಾಲಿನಲ್ಲಿ ರ್‍ಯಾಮನ್ನು 512 ಎಂಬಿಗೆ ಇಳಿಸಿ ಪರೀಕ್ಷಿಸಿದೆ. ಥ್ರೆಡ್ಡಿನ ಇಡೀ ಕೆಲಸವನ್ನು ‘ಮೆಮ್‌ಅಲಾಕ್ ನೋಎಫ್‌ಎಸ್ ಸೇವ್’ ಮತ್ತು ‘ರಿಸ್ಟೋರ್’ ನಡುವೆ ಇಟ್ಟೆ. ಇವೆರಡರ ನಡುವೆ ಮೆಮೊರಿ ಕೇಳಿದರೆ, ಜಾಗ ಮಾಡಲೆಂದು ಕರ್ನಲ್ ಫೈಲ್ ಸಿಸ್ಟಮ್ಮಿಗೆ ಕೈ ಹಾಕುವುದಿಲ್ಲ. 2017ರ 4.12 ಕರ್ನಲ್‌ನಲ್ಲಿ ಬಂದ ಈ ಸೌಲಭ್ಯದಿಂದಾಗಿ ಪ್ರತಿಯೊಂದು ಕರೆಗೂ ಬೇರೆಬೇರೆ ಫ್ಲ್ಯಾಗ್ ಕೊಡುವುದು ತಪ್ಪುತ್ತದೆ. ಆದರೆ ಥ್ರೆಡ್ಡನ್ನು ಹುಟ್ಟಿಸುವುದಕ್ಕೂ ಮೆಮೊರಿ ಬೇಕು, ಅದನ್ನು ಕೇಳುವುದು ಕರ್ನಲ್ಲಿನ ಬೇರೊಂದು ಥ್ರೆಡ್. ಅಲ್ಲಿಗೆ ಈ ರಕ್ಷಣೆ ತಲುಪುವುದಿಲ್ಲ. ಆದಕಾರಣ ರಿಕವರಿ ಥ್ರೆಡ್ಡನ್ನು ದೋಷ ಬಂದಾಗ ಹುಟ್ಟಿಸದೆ, ಮೌಂಟ್ ಮಾಡುವಾಗಲೇ ಹುಟ್ಟಿಸಿ ಮಲಗಿಸಿಟ್ಟಿದ್ದೇನೆ.

ಇಂಥ ತೊಂದರೆಗೆ ಸಾಫ್ಟ್ ಮೌಂಟ್ ಮಾಡಿದರಾಯಿತು ಎನ್ನುವವರಿದ್ದಾರೆ. ನನಗದು ಒಪ್ಪಿಗೆಯಿಲ್ಲ, ಕಾಯುವ ಬದಲು ಪ್ರೋಗ್ರಾಮಿಗೆ ಐ/ಒ ದೋಷ ಕೊಟ್ಟು, ಬರೆದ ಡೇಟಾ ಕಳೆಯುವ ಅಪಾಯವನ್ನು ಅದು ತಂದಿಡುತ್ತದೆ.

ಮ್ಯೂಟೆಕ್ಸ್‌ಗಳ (ಒಮ್ಮೆಗೆ ಒಂದೇ ಥ್ರೆಡ್ ಹಿಡಿಯಬಹುದಾದ ಬೀಗಗಳು) ಕ್ರಮವನ್ನು ಕರ್ನಲ್ಲಿನ ತಪಾಸಣಾ ಸಾಧನವಾದ ಲಾಕ್‌ಡೆಪ್ ನೋಡಿಕೊಳ್ಳುತ್ತದೆಯಾದರೂ, ಸ್ಲಾಟ್ ಹಿಡಿದು ವೇಟ್ ಕ್ಯೂನಲ್ಲಿ (ಕಾಯುವವರ ಸರದಿ) ಮಲಗುವುದು ಅದರ ಕಣ್ಣಿಗೆ ಬೀಳುವುದಿಲ್ಲ. ಹಾಗಾಗಿ ರಿಕವರಿಗೆ ಕಾಯಿಸುವ ಫಂಕ್ಷನ್ನಿನ ಆರಂಭದಲ್ಲಿಯೇ ಎರಡು ತಪಾಸಣೆ ಸೇರಿಸಿದ್ದೇನೆ: ಕರೆದಿರುವುದು ರಿಕವರಿ ಥ್ರೆಡ್ಡೇ ಆಗಿದ್ದರೆ, ಅಥವಾ ಕರೆದವರ ಕೈಯಲ್ಲಿ ಸ್ಲಾಟ್ ಇನ್ನೂ ಇದ್ದರೆ, ಎಚ್ಚರಿಕೆಯೊಂದಿಗೆ ಪೂರ್ತಿ ಸ್ಟ್ಯಾಕ್ ಕರ್ನಲ್ ಲಾಗಿಗೆ ಬೀಳುತ್ತದೆ.