ಬೆಸೆದ ಮೇಲೂ ನೇರ ನಿಲ್ಲುವ ಪೈಪ್ ಟ್ರಸ್

ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆ ಅಡಿಕೆ ಅಂಗಳಕ್ಕೆ ಶೀಟ್ ಹಾಕಿಸುವವರು ಈಗ ಪೈಪಿನ ಟ್ರಸ್ಸನ್ನೇ, ಅಂದರೆ ಪೈಪ್ ತುಂಡು ಬೆಸೆದು ಮಾಡಿದ ತೊಲೆಯನ್ನೇ ಕೇಳುತ್ತಾರೆ. 40×40 ಎಂ.ಎಂ. ಚೌಕ ಪೈಪ್, 2 ಎಂ.ಎಂ. ದಪ್ಪದ್ದು, ಮೀಟರಿಗೆ ಸುಮಾರು 2.4 ಕಿಲೋ ತೂಗುತ್ತದೆ. ಮೇಲೊಂದು ಕೆಳಗೊಂದು ಇಟ್ಟು ನಡುವೆ 25×25ರ ಓರೆ ತುಂಡು ಬೆಸೆದರೆ 6 ಮೀಟರಿನ ತೊಲೆಯನ್ನು ಇಬ್ಬರು ಎತ್ತಬಹುದು. ಪೈಪಿನ ಅಳತೆ, ಟ್ರಸ್ಸುಗಳ ನಡುವಿನ ಅಂತರ ಮಾತ್ರ ಎಂಜಿನಿಯರ್ ಹತ್ತಿರ ಲೆಕ್ಕ ಹಾಕಿಸಿ, ಯಾಕೆಂದರೆ ಮಳೆಗಾಲದ ಗಾಳಿ ಶೀಟನ್ನು ಕೆಳಗಿನಿಂದ ಎತ್ತುತ್ತದೆ.

ಟ್ರಸ್ಸಿನ ಎತ್ತರ ಸುಮಾರು 40 ಸೆಂ.ಮೀ. ಇರಲಿ, ಓರೆ ತುಂಡು 45 ಡಿಗ್ರಿಗಿಂತ ಜಾಸ್ತಿ ಮಲಗುವುದು ಬೇಡ. ಸಮತಟ್ಟು ನೆಲದಲ್ಲಿ ಸೀಮೆಸುಣ್ಣದಿಂದ ಪೂರ್ತಿ ಗಾತ್ರದ ಚಿತ್ರ ಬರೆಯಿರಿ. ಪೈಪುಗಳ ನಡುಗೆರೆಗಳು ಒಂದೇ ಬಿಂದುವಿನಲ್ಲಿ ಸೇರಬೇಕು. ತುಂಡುಗಳ ತುದಿ ಸರಿಯಾಗಿ ಕೂರುವವರೆಗೆ ಗ್ರೈಂಡ್ ಮಾಡಿ, ಸಂದನ್ನು ವೆಲ್ಡಿಂಗಿನಿಂದ ತುಂಬಿಸಿದರಾಯಿತು ಅಂದುಕೊಳ್ಳಬೇಡಿ, ತೆಳು ಪೈಪ್ ತೂತಾಗುತ್ತದೆ.

ಜಿ.ಐ. ಪೈಪ್ (ಸತು ಲೇಪಿಸಿದ ಕಬ್ಬಿಣದ್ದು) ಆದರೆ ಬೆಸುಗೆ ಜಾಗದ ಸತುವನ್ನು ಎರಡೂ ಬದಿಗೆ ಒಂದಿಂಚು ತೆಗೆಯಿರಿ. ಸತು ಸುಟ್ಟು ಏಳುವ ಬಿಳಿ ಹೊಗೆ ಕುಡಿದರೆ ಸಂಜೆಗೆ ಚಳಿಜ್ವರ ಬರುತ್ತದೆ. ಬಯಲಲ್ಲೇ ಕೆಲಸ ಮಾಡಿ.

ಈಗ ಮುಖ್ಯ ಮಾತು. ನನ್ನ ಮೊದಲ ಟ್ರಸ್ಸನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಒಂದೇ ಮುಖದಲ್ಲಿ ಬೆಸೆಯುತ್ತಾ ಹೋಗಿದ್ದೆ, ತಣ್ಣಗಾದ ಮೇಲೆ ನೂಲು ಹಿಡಿದು ನೋಡಿದರೆ ಎರಡು ಬೆರಳು ಬಾಗಿತ್ತು. ಕಾದ ಕಬ್ಬಿಣ ಆರುವಾಗ ಕುಗ್ಗುತ್ತದೆ ಅಲ್ವಾ, ಆ ಕಡೆಗೇ ಪೈಪನ್ನು ಎಳೆಯುತ್ತದೆ. ಅದಕ್ಕೆ ಮೊದಲು ಎಲ್ಲ ಗೆಣ್ಣುಗಳಿಗೂ, ಅಂದರೆ ಪೈಪುಗಳು ಸೇರುವ ಜಾಗಗಳಿಗೂ, ಬರೀ ಟ್ಯಾಕ್ (ಚುಕ್ಕಿಯಂಥ ಚಿಕ್ಕ ಬೆಸುಗೆ) ಹಾಕಿ. ನೂಲು ಹಿಡಿದು ನೇರ ಇದೆಯಾ ನೋಡಿ, ಎರಡು ಕರ್ಣಗಳನ್ನೂ ಅಳೆಯಿರಿ. ಆಮೇಲೆ ನಡುವಿನಿಂದ ಶುರು ಮಾಡಿ, ಎಡಕ್ಕೊಂದು ಬಲಕ್ಕೊಂದು, ಮೇಲಿನ ಪೈಪಿಗೊಂದು ಕೆಳಗಿನದಕ್ಕೊಂದು. ನಾಲ್ಕು ಗೆಣ್ಣಾದ ಕೂಡಲೇ ಮಗುಚಿ ಇನ್ನೊಂದು ಮುಖ ಹಿಡಿಯಿರಿ. ಒಂದೇ ಜಾಗಕ್ಕೆ ಕೂಡಲೇ ಮರಳಬೇಡಿ, ಆರಲಿ.

ಬೆಸುಗೆಗೆ 6013 ನಮೂನೆಯ ವೆಲ್ಡಿಂಗ್ ರಾಡ್, 2.5 ಎಂ.ಎಂ., 60ರಿಂದ 80 ಆಂಪ್ಸ್ ಸಾಕು. ಮಳೆಗಾಲದಲ್ಲಿ ರಾಡ್ ಥಂಡಿ ಹಿಡಿದಿದ್ದರೆ ಚಟಪಟ ಸಿಡಿಯುತ್ತದೆ, ಬೆಸುಗೆಯಲ್ಲಿ ಸೂಜಿಮೊನೆಯಂಥ ತೂತು ಉಳಿಯುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿಡಿ. ಬೆಸುಗೆ ಮೇಲೆ ಗಟ್ಟಿಯಾಗಿ ಕೂರುವ ಸ್ಲಾಗ್ ಪದರವನ್ನು ಬಡಿದು ಉದುರಿಸಿ, ಬ್ರಷ್ ಹಾಕಿ, ಪ್ರತಿ ಗೆಣ್ಣನ್ನೂ ಕಣ್ಣಿಟ್ಟು ನೋಡಿ.

ಕುಂಬಳೆ, ಉಪ್ಪಳದಂಥ ಕಡಲ ಬದಿಯಲ್ಲಾದರೆ ಪೈಪಿನ ತುದಿಗೆ ತಗಡು ಬೆಸೆದು ಮುಚ್ಚಿ, ಇಲ್ಲದಿದ್ದರೆ ಒಳಗಿಂದಲೇ ತುಕ್ಕು ತಿನ್ನುತ್ತದೆ. ಸತು ತೆಗೆದ ಜಾಗಕ್ಕೆ ಜಿಂಕ್ ಪ್ರೈಮರ್ ಅದೇ ದಿನ ಬೀಳಲಿ.